ಕಲ್ಲಿನೊಳಗಿನ ಫ್ಲೋರಿನ್, ಕೊಳವೆಬಾವಿಯ ನೀರು ಮತ್ತು ಪಂಚಾಯತಿಯ ತೀರ್ಮಾನ

(ಗ್ರಾಮ ಪಂಚಾಯತಿ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಬೇಸಿಗೆ ಕಾಲಿಟ್ಟಿತೆಂದರೆ ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ಕೊಳವೆಬಾವಿಯ ವಿಷಯವೇ ಮುಂದೆ ಬರುತ್ತದೆ. ಯಾವ ವಾರ್ಡಿನಲ್ಲಿ ಕೊರೆಸಬೇಕು, ಪಾಯಿಂಟ್ ಯಾರು ನೋಡಬೇಕು, ಎಷ್ಟು ಅಡಿ ಇಳಿಯಬೇಕು, ಎಷ್ಟು ಇಂಚು ನೀರು ಬಿದ್ದಿತು ಎಂಬ ಪ್ರಶ್ನೆಗಳ ಮೇಲೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಆ ನೀರು ಯಾವ ಕಲ್ಲಿನ ಸಂದಿಯಿಂದ ಬಂದಿತು, ಬರುವಾಗ ಆ ಕಲ್ಲಿನಿಂದ ಏನನ್ನು ಕರಗಿಸಿಕೊಂಡು ಬಂದಿತು ಎಂಬ ಪ್ರಶ್ನೆ ಮಾತ್ರ ಸಭೆಯ ನಡಾವಳಿಯಲ್ಲಿ ಅಪರೂಪ.

ಈ ಉಪನ್ಯಾಸವು ಆ ಪ್ರಶ್ನೆಯನ್ನು ಕುರಿತದ್ದು. ಕಲ್ಲಿನಲ್ಲಿರುವ ಫ್ಲೋರಿನ್ ಅಂಶವನ್ನು ರಾಸಾಯನಿಕ ವಿಶ್ಲೇಷಣೆಯಿಂದ ಹೇಗೆ ಅಳೆಯುತ್ತಾರೆ, ಆ ಅಳತೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಅದನ್ನು ಕೈಯಲ್ಲಿ ಹಿಡಿದ ಪಂಚಾಯತಿ ಏನು ಮಾಡಬೇಕು ಎಂಬುದು ಇಲ್ಲಿಯ ವಿಷಯ. ಸಾರವನ್ನು ಮೊದಲೇ ಹೇಳುವುದಾದರೆ: ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಕಲ್ಲಿನ ಅಂಕಿ ತೋರಿಸುತ್ತದೆ, ಕುಡಿಯಬೇಕೋ ಬಿಡಬೇಕೋ ಎಂಬುದನ್ನು ನೀರಿನ ಅಂಕಿ ಮಾತ್ರ ತೀರ್ಮಾನಿಸುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ತಪ್ಪು ತೀರ್ಮಾನವಾಗುತ್ತದೆ, ಆ ತಪ್ಪಿನ ಗುರುತು ಊರಿನ ಮಕ್ಕಳ ಹಲ್ಲಿನ ಮೇಲೆ ಉಳಿಯುತ್ತದೆ.

ಫ್ಲೋರಿನ್ ಎಂಬ ಧಾತು

ಫ್ಲೋರಿನ್ ಒಂದು ಮೂಲಧಾತು. ಅದು ಬೇರೆ ಧಾತುಗಳೊಂದಿಗೆ ಬಲವಾಗಿ ಕೂಡಿಕೊಳ್ಳುವ ಸ್ವಭಾವದ್ದಾದ್ದರಿಂದ ಅದನ್ನು ಬೇರ್ಪಡಿಸಲು ರಸಾಯನಶಾಸ್ತ್ರಜ್ಞರು ಬಹುಕಾಲ ಶ್ರಮಿಸಬೇಕಾಯಿತು. ಫ್ರಾನ್ಸಿನ ಆನ್ರಿ ಮೊಯಿಸಾನ್ 1886ರಲ್ಲಿ ಅದರಲ್ಲಿ ಯಶಸ್ವಿಯಾದರು. ಅವರಿಗೆ 1906ರ ನೊಬೆಲ್ ಪ್ರಶಸ್ತಿ ದೊರೆಯಿತು. ಕಲ್ಲಿನಲ್ಲಿಯೂ ನೀರಿನಲ್ಲಿಯೂ ಫ್ಲೋರಿನ್ ಇರುವುದು ಫ್ಲೋರೈಡ್ ರೂಪದಲ್ಲಿ, ಅಂದರೆ ಬೇರೆ ಧಾತುವಿನ ಜೊತೆ ಸೇರಿದ ಅಥವಾ ನೀರಿನಲ್ಲಿ ಕರಗಿದ ಅಯಾನಿನ ರೂಪದಲ್ಲಿ.

ಕಲ್ಲಿನಲ್ಲಿ ಇದನ್ನು ಹೊತ್ತಿರುವ ಖನಿಜಗಳು ಕೆಲವು. ಫ್ಲೋರೈಟ್ ಎಂಬ ಖನಿಜವು ಕ್ಯಾಲ್ಸಿಯಂ ಫ್ಲೋರೈಡ್ ಆಗಿದ್ದು, ಅದರ ತೂಕದಲ್ಲಿ ಶೇ. 48.7ರಷ್ಟು ಫ್ಲೋರಿನ್ ಇರುತ್ತದೆ. ಅಪಟೈಟ್ ಎಂಬ ರಂಜಕದ ಖನಿಜದ ಒಂದು ಬಗೆಯಲ್ಲಿ ಶೇ. 3.8ರಷ್ಟು ಇರುತ್ತದೆ. ರೈತರು ಕಾಗೆಬಂಗಾರವೆಂದು ಕರೆಯುವ ಅಭ್ರಕದಲ್ಲಿ, ಅದರಲ್ಲಿಯೂ ಬಯೊಟೈಟ್ ಎಂಬ ಕಪ್ಪು ಅಭ್ರಕದಲ್ಲಿ, ಹಾಗೂ ಹಾರ್ನ್‌ಬ್ಲೆಂಡ್ ಎಂಬ ಕಡುಬಣ್ಣದ ಖನಿಜದಲ್ಲಿ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಭೂಮಿಯ ಹೊರಪದರದ ಶಿಲೆಗಳ ಸರಾಸರಿಯನ್ನು ತೆಗೆದುಕೊಂಡರೆ ಒಂದು ಟನ್ ಕಲ್ಲಿನಲ್ಲಿ ಸುಮಾರು 600 ಗ್ರಾಂ ಫ್ಲೋರಿನ್ ಇದೆ. ಒಂದು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮೂರು ಟನ್ ಕಲ್ಲು ಎಂದು ಹಿಡಿದರೆ ಅದರಲ್ಲಿ ಹೆಚ್ಚುಕಡಿಮೆ 1.8 ಕಿಲೋಗ್ರಾಂ ಫ್ಲೋರಿನ್ ಅಡಗಿರುತ್ತದೆ. ಗ್ರಾನೈಟ್ ಜಾತಿಯ ಕಲ್ಲುಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು, ಬಸಾಲ್ಟ್ ಜಾತಿಯಲ್ಲಿ ಕಡಿಮೆ ಕಂಡುಬರುತ್ತದೆ.

ಧಾರವಾಡದ ನೆಲ

ಧಾರವಾಡದ ಹೆಸರು ಜಗತ್ತಿನ ಭೂವಿಜ್ಞಾನ ಗ್ರಂಥಗಳಲ್ಲಿದೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್ ಅವರು ದಕ್ಷಿಣ ಭಾರತದ ಪ್ರಾಚೀನ ಪದರುಶಿಲೆಗಳ ಸಮೂಹಕ್ಕೆ ಈ ಊರಿನ ಹೆಸರನ್ನೇ ಕೊಟ್ಟರು. ಹುಬ್ಬಳ್ಳಿ-ಧಾರವಾಡ ಸುತ್ತಲಿನ ನೆಲದಡಿಯಲ್ಲಿ ಈ ಪದರುಶಿಲೆಗಳೇ ಹೆಚ್ಚು. ಜಿಲ್ಲೆಯ ಬೇರೆ ಭಾಗಗಳಲ್ಲಿ ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಕಲ್ಲುಗಳೂ ಇವೆ. ಪೂರ್ವಕ್ಕೆ ಗದಗ ಜಿಲ್ಲೆಯ ಮುಂಡರಗಿ, ಅದರಾಚೆಗೆ ಕೊಪ್ಪಳದ ಕಡೆ ಸಾಗಿದಂತೆ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಹರವು ದೊಡ್ಡದಾಗುತ್ತದೆ.

1997ರವರೆಗೆ ಮುಂಡರಗಿ ತಾಲೂಕು ಅಖಂಡ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಆ ತಾಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಬಹುಕಾಲದಿಂದ ಗೊತ್ತಿರುವ ಸಂಗತಿ. ರಾಜ್ಯದಲ್ಲಿ ಪಾವಗಡ, ಬಾಗೇಪಲ್ಲಿ ಮೊದಲಾದ ತಾಲೂಕುಗಳೂ ಇದೇ ಕಾರಣಕ್ಕೆ ಹೆಸರಾಗಿವೆ. ಜಿಲ್ಲೆಯ ಗಡಿಯನ್ನು ಸರ್ಕಾರ ಎಳೆಯುತ್ತದೆ. ಕಲ್ಲಿನ ಗಡಿ ನೆಲದಡಿಯಲ್ಲಿ ತನ್ನ ದಾರಿ ಹಿಡಿದಿರುತ್ತದೆ. ಆದ್ದರಿಂದ ‘ನಮ್ಮದು ಧಾರವಾಡ ಶಿಲೆ, ನಮಗೆ ಈ ತೊಂದರೆ ಇಲ್ಲ’ ಎಂಬ ನೆಮ್ಮದಿಗೂ, ‘ಪಕ್ಕದ ತಾಲೂಕಿನಲ್ಲಿ ಇದೆ, ನಮ್ಮಲ್ಲಿಯೂ ಇದ್ದೇ ಇರುತ್ತದೆ’ ಎಂಬ ಹೆದರಿಕೆಗೂ ಆಧಾರವಿಲ್ಲ. ಅಳತೆ ಮಾಡಿ ತಿಳಿಯಬೇಕು.

ಕಲ್ಲಿನಲ್ಲಿ ಅಳೆಯುವುದು ಏಕೆ ಕಷ್ಟ

ಕಲ್ಲಿನಲ್ಲಿ ಕಬ್ಬಿಣ ಎಷ್ಟಿದೆ, ಸುಣ್ಣ ಎಷ್ಟಿದೆ ಎಂದು ತಿಳಿಯಲು ಪ್ರಯೋಗಾಲಯದವರು ಸಾಮಾನ್ಯವಾಗಿ ಕಲ್ಲಿನ ಪುಡಿಯನ್ನು ಆಮ್ಲದಲ್ಲಿ ಕರಗಿಸುತ್ತಾರೆ. ಫ್ಲೋರಿನ್ ವಿಷಯದಲ್ಲಿ ಈ ದಾರಿ ನಡೆಯುವುದಿಲ್ಲ. ಕಲ್ಲನ್ನು ಪೂರ್ತಿ ಕರಗಿಸುವ ಆಮ್ಲವೆಂದರೆ ಹೈಡ್ರೋಫ್ಲೋರಿಕ್ ಆಮ್ಲ. ಅದೇ ಫ್ಲೋರಿನ್ನಿನ ಸಂಯುಕ್ತ. ಅದನ್ನು ಬಳಸಿ ಫ್ಲೋರಿನ್ ಅಳೆಯುವುದೆಂದರೆ ಸಾರಿಗೆ ಉಪ್ಪು ಸುರಿದು ಸಾರಿನಲ್ಲಿ ಮೊದಲು ಎಷ್ಟು ಉಪ್ಪಿತ್ತು ಎಂದು ಕೇಳಿದಂತೆ. ಬೇರೆ ಆಮ್ಲಗಳನ್ನು ಹಾಕಿ ಕಾಯಿಸಿದರೆ ಕಲ್ಲಿನ ಸಿಲಿಕಾನ್ ಜೊತೆ ಫ್ಲೋರಿನ್ ಕೂಡಿ ಅನಿಲವಾಗಿ ತೆರೆದ ಪಾತ್ರೆಯಿಂದ ಹಾರಿಹೋಗುತ್ತದೆ. ಉಳಿದ ದ್ರಾವಣವನ್ನು ಎಷ್ಟೇ ಎಚ್ಚರಿಕೆಯಿಂದ ಅಳೆದರೂ ಹಾರಿಹೋದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಕ್ಷ-ಕಿರಣದಿಂದ ಕಲ್ಲಿನ ಧಾತುಗಳನ್ನು ಗುರುತಿಸುವ ಯಂತ್ರಗಳಿವೆ. ಆದರೆ ಫ್ಲೋರಿನ್ ಹಗುರ ಧಾತುವಾದ್ದರಿಂದ ಅದರ ಸಂಕೇತ ಬಹಳ ದುರ್ಬಲ, ಅಲ್ಪ ಪ್ರಮಾಣವನ್ನು ಅಲ್ಲಿ ನಂಬಿಕೆಯಿಂದ ಓದುವುದು ಕಷ್ಟ.

ಹಿಂದೆ ಇದಕ್ಕೆ ಬಳಕೆಯಲ್ಲಿದ್ದದ್ದು ವಿಲಾರ್ಡ್ ಮತ್ತು ವಿಂಟರ್ ಎಂಬುವರು 1933ರಲ್ಲಿ ಪ್ರಕಟಿಸಿದ ವಿಧಾನ. ಅದರಲ್ಲಿ ಫ್ಲೋರಿನ್ ಹಾರಿಹೋಗುವ ಗುಣವನ್ನೇ ಉಪಯೋಗಕ್ಕೆ ತಂದರು. ಮುಚ್ಚಿದ ಉಪಕರಣದಲ್ಲಿ ಆಮ್ಲ ಮತ್ತು ಹಬೆಯೊಂದಿಗೆ ಫ್ಲೋರಿನ್ ಸಂಯುಕ್ತವನ್ನು ಬಟ್ಟಿ ಇಳಿಸಿ, ಸಂಗ್ರಹಿಸಿದ ದ್ರವಕ್ಕೆ ಥೋರಿಯಂ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಸೇರಿಸುತ್ತ ಬಣ್ಣ ತಿರುಗುವ ಘಟ್ಟವನ್ನು ಗುರುತಿಸುತ್ತಿದ್ದರು. ನಿಖರವಾದರೂ ನಿಧಾನದ ಕೆಲಸ. 1966ರಲ್ಲಿ ಫ್ರಾಂಟ್ ಮತ್ತು ರಾಸ್ ಎಂಬ ವಿಜ್ಞಾನಿಗಳು ಫ್ಲೋರೈಡನ್ನು ಮಾತ್ರ ಗುರುತಿಸುವ ಎಲೆಕ್ಟ್ರೋಡ್ ಒಂದನ್ನು ರೂಪಿಸಿದ ಮೇಲೆ ಕೆಲಸ ಹಗುರವಾಯಿತು. ಕಲ್ಲಿನ ವಿಶ್ಲೇಷಣೆಯಲ್ಲಿ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವುದು ಕ್ಷಾರದಲ್ಲಿ ಕಲ್ಲನ್ನು ಕರಗಿಸಿ, ಆ ಎಲೆಕ್ಟ್ರೋಡಿನಿಂದ ಅಳೆಯುವ ವಿಧಾನ.

ಅಳತೆಯ ಹಂತಗಳು

ಮೊದಲ ಹಂತ ಮಾದರಿ ಸಂಗ್ರಹ. ಗಾಳಿಮಳೆಗೆ ಸಿಕ್ಕಿ ಶಿಥಿಲವಾದ ಮೇಲ್ಪದರವನ್ನು ಸುತ್ತಿಗೆಯಿಂದ ತೆಗೆದು, ಒಳಗಿನ ಗಟ್ಟಿಕಲ್ಲಿನ ಒಂದೆರಡು ಕಿಲೋ ಚೂರುಗಳನ್ನು ಆಯುತ್ತಾರೆ. ಅದನ್ನು ಜಜ್ಜಿ, ರಾಶಿ ಮಾಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಾರೆ. ಹೀಗೆ ಮತ್ತೆ ಮತ್ತೆ ಮಾಡಿ ಕೊನೆಗೆ ಉಳಿದ ಸ್ವಲ್ಪ ಭಾಗವನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆಯುತ್ತಾರೆ. ಎಪಿಎಂಸಿಯಲ್ಲಿ ಚೀಲದ ಬೇರೆ ಬೇರೆ ಕಡೆಯಿಂದ ಕಾಳು ತೆಗೆದು ನೋಡುವ ಉದ್ದೇಶವೇ ಇಲ್ಲಿಯೂ ಇದೆ: ಕೈಗೆ ಬಂದ ಚಿಟಿಕೆ ಇಡೀ ರಾಶಿಯನ್ನು ಪ್ರತಿನಿಧಿಸಬೇಕು.

ಎರಡನೆಯ ಹಂತ ತೂಕ ಮತ್ತು ಕರಗಿಸುವಿಕೆ. ಒಣಗಿಸಿದ ಪುಡಿಯಲ್ಲಿ ಅರ್ಧ ಗ್ರಾಂನಷ್ಟು ತೂಗಿ, ನಿಕ್ಕಲ್ ಮೂಸೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡಿನೊಂದಿಗೆ ಬೆರೆಸಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸುತ್ತಾರೆ. ಖನಿಜಗಳ ಹರಳುಗಳು ಒಡೆಯುತ್ತವೆ. ಫ್ಲೋರಿನ್ ಸೋಡಿಯಂ ಜೊತೆ ಕೂಡಿ ಸೋಡಿಯಂ ಫ್ಲೋರೈಡ್ ಆಗುತ್ತದೆ. ಕ್ಷಾರದಲ್ಲಿ ಇರುವವರೆಗೆ ಅದು ಹಾರಿಹೋಗುವುದಿಲ್ಲ.

ಮೂರನೆಯ ಹಂತ ಸೋಸುವಿಕೆ. ತಣಿದ ಗಟ್ಟಿಯನ್ನು ಬಿಸಿನೀರಿನಲ್ಲಿ ಬಿಡಿಸಿದಾಗ ಫ್ಲೋರೈಡ್ ನೀರಿಗೆ ಇಳಿಯುತ್ತದೆ, ಕಬ್ಬಿಣದಂತಹ ಲೋಹಗಳ ಬಹುಭಾಗ ಗಸಿಯಾಗಿ ಉಳಿಯುತ್ತದೆ. ಸೋಸಿದ ದ್ರಾವಣವನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಇಡುತ್ತಾರೆ. ಆಮ್ಲೀಯ ದ್ರಾವಣದಲ್ಲಿ ಫ್ಲೋರೈಡ್ ಗಾಜನ್ನು ಕೊರೆಯುವ ಕಾರಣ ಗಾಜಿನ ಪಾತ್ರೆ ಇಲ್ಲಿ ವರ್ಜ್ಯ.

ನಾಲ್ಕನೆಯ ಹಂತ ದ್ರಾವಣವನ್ನು ಹದಗೊಳಿಸುವುದು. ಕಲ್ಲಿನಿಂದ ಬಂದ ಅಲ್ಯೂಮಿನಿಯಂ ಫ್ಲೋರೈಡನ್ನು ಬಿಗಿಯಾಗಿ ಹಿಡಿದುಕೊಂಡು ಎಲೆಕ್ಟ್ರೋಡಿಗೆ ಕಾಣದಂತೆ ಮಾಡುತ್ತದೆ. ಸಿಟ್ರೇಟ್‌ನಂತಹ ದ್ರಾವಣವನ್ನು ಸೇರಿಸಿದರೆ ಅದು ಅಲ್ಯೂಮಿನಿಯಂ ಜೊತೆ ಕೂಡಿ ಫ್ಲೋರೈಡನ್ನು ಬಿಡಿಸುತ್ತದೆ. ಜೊತೆಗೆ ಪಿಎಚ್ ಪ್ರಮಾಣವನ್ನು 5ರಿಂದ 5.5ರ ಆಸುಪಾಸಿಗೆ ತರಲಾಗುತ್ತದೆ. ಇದಕ್ಕಿಂತ ಆಮ್ಲೀಯವಾದರೆ ಫ್ಲೋರೈಡಿನ ಒಂದು ಭಾಗ ಹೈಡ್ರೋಜನ್ ಜೊತೆ ಕೂಡಿ ಮರೆಯಾಗುತ್ತದೆ. ಹೆಚ್ಚು ಕ್ಷಾರೀಯವಾದರೆ ಎಲೆಕ್ಟ್ರೋಡ್ ಕ್ಷಾರವನ್ನೇ ಫ್ಲೋರೈಡೆಂದು ಭ್ರಮಿಸುತ್ತದೆ.

ಐದನೆಯ ಹಂತ ಓದುವಿಕೆ. ಎಲೆಕ್ಟ್ರೋಡಿನ ತುದಿಯಲ್ಲಿ ಲ್ಯಾಂಥನಂ ಫ್ಲೋರೈಡಿನ ಒಂದು ಹರಳು ಇದೆ. ದ್ರಾವಣದ ಫ್ಲೋರೈಡಿಗೆ ತಕ್ಕಂತೆ ಅಲ್ಲಿ ವಿದ್ಯುತ್ ವಿಭವ ಉಂಟಾಗುತ್ತದೆ. ಫ್ಲೋರೈಡ್ ಹತ್ತು ಪಟ್ಟು ಹೆಚ್ಚಿದರೆ, 25 ಡಿಗ್ರಿ ಉಷ್ಣತೆಯಲ್ಲಿ, ಓದು ಸುಮಾರು 59 ಮಿಲಿವೋಲ್ಟ್ ಇಳಿಯುತ್ತದೆ. ಪ್ರಮಾಣ ಗೊತ್ತಿರುವ ದ್ರಾವಣಗಳನ್ನು ಮೊದಲು ಓದಿ ರೇಖೆ ಎಳೆದುಕೊಂಡು, ಆ ರೇಖೆಯ ಮೇಲೆ ಮಾದರಿಯ ಓದನ್ನು ಇಟ್ಟು ಪ್ರಮಾಣ ತಿಳಿಯುತ್ತಾರೆ. ಓದಿನಲ್ಲಿ ಒಂದು ಮಿಲಿವೋಲ್ಟ್ ವ್ಯತ್ಯಾಸವಾದರೆ ಫಲಿತಾಂಶದಲ್ಲಿ ಶೇ. 4ರಷ್ಟು ವ್ಯತ್ಯಾಸವಾಗುತ್ತದೆ. ಆದ್ದರಿಂದ 1.48 ಮತ್ತು 1.52 ಎಂಬ ಎರಡು ವರದಿಗಳ ನಡುವೆ ‘ಪಾಸು, ನಪಾಸು’ ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ಎರಡೂ ಒಂದೇ ಎಚ್ಚರಿಕೆಯನ್ನು ಕೊಡುತ್ತವೆ.

ಲೆಕ್ಕ ಸರಳವಾದದ್ದು. ಅರ್ಧ ಗ್ರಾಂ ಕಲ್ಲಿನಿಂದ ಕೊನೆಗೆ 100 ಮಿಲಿಲೀಟರ್ ದ್ರಾವಣ ಸಿದ್ಧವಾಗಿ, ಅದರಲ್ಲಿ ಪ್ರತಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಕಂಡುಬಂದರೆ, ಆ ದ್ರಾವಣದಲ್ಲಿರುವುದು ಒಟ್ಟು 0.3 ಮಿಲಿಗ್ರಾಂ. ಅರ್ಧ ಗ್ರಾಂನಲ್ಲಿ ಅಷ್ಟು ಎಂದರೆ ಒಂದು ಕಿಲೋಗ್ರಾಂ ಕಲ್ಲಿನಲ್ಲಿ 600 ಮಿಲಿಗ್ರಾಂ. ಒಳ್ಳೆಯ ಪ್ರಯೋಗಾಲಯವು ಇದರ ಜೊತೆಗೆ ಕಲ್ಲು ಹಾಕದೆ ರಾಸಾಯನಿಕಗಳನ್ನು ಮಾತ್ರ ಬಳಸಿ ಒಂದು ಖಾಲಿ ಪರೀಕ್ಷೆಯನ್ನೂ, ಪ್ರಮಾಣ ಮೊದಲೇ ಗೊತ್ತಿರುವ ಕಲ್ಲಿನ ಪುಡಿಯ ಒಂದು ಪರೀಕ್ಷೆಯನ್ನೂ, ಅದೇ ಮಾದರಿಯ ಎರಡನೆಯ ಪರೀಕ್ಷೆಯನ್ನೂ ಮಾಡುತ್ತದೆ. ತೂಕದ ತಕ್ಕಡಿಯನ್ನು ಮುದ್ರೆಯ ಕಲ್ಲಿಟ್ಟು ಪರೀಕ್ಷಿಸುವಂತೆ ಇದೂ ಸಹ.

ಕಲ್ಲಿನ ಅಂಕಿ ಹೇಳದೆ ಇರುವುದು

ಇಲ್ಲಿ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದೆ. ಮೇಲಿನ ವಿಧಾನವು ಕಲ್ಲನ್ನು 600 ಡಿಗ್ರಿ ಶಾಖದಲ್ಲಿ ಕ್ಷಾರದೊಂದಿಗೆ ಕರಗಿಸಿ ಅದರಲ್ಲಿರುವ ಫ್ಲೋರಿನ್ನನ್ನೆಲ್ಲ ಹೊರತೆಗೆಯುತ್ತದೆ. ನೆಲದಡಿಯ ನೀರು ಅಷ್ಟು ಬಲಶಾಲಿಯಲ್ಲ. ಅದು ವರ್ಷಗಟ್ಟಲೆ ಕಲ್ಲಿನ ಬಿರುಕುಗಳಲ್ಲಿ ನಿಂತು, ಖನಿಜದ ಮೇಲ್ಮೈಯಿಂದ ಸ್ವಲ್ಪಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ. ಕಿಲೋಗ್ರಾಂ ಕಲ್ಲಿನಲ್ಲಿ 600 ಮಿಲಿಗ್ರಾಂ ಇದ್ದ ಮಾತ್ರಕ್ಕೆ ಲೀಟರ್ ನೀರಿನಲ್ಲಿ ಇಷ್ಟೇ ಇರುತ್ತದೆ ಎಂದು ಲೆಕ್ಕ ಹಾಕುವ ಸೂತ್ರವಿಲ್ಲ.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡಬಹುದು. ಮೊದಲ ಊರಿನ ಕಲ್ಲಿನಲ್ಲಿ ಕಿಲೋಗ್ರಾಂಗೆ 900 ಮಿಲಿಗ್ರಾಂ ಫ್ಲೋರಿನ್ ಇದೆ. ಆದರೆ ಅಲ್ಲಿ ಮಳೆನೀರು ಬೇಗ ಇಂಗಿ ಬೇಗ ಹೊರಬರುತ್ತದೆ, ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದೆ. ಎರಡನೆಯ ಊರಿನ ಕಲ್ಲಿನಲ್ಲಿ 500 ಮಿಲಿಗ್ರಾಂ ಮಾತ್ರ ಇದೆ. ಅಲ್ಲಿ ನೀರು ಆಳದಲ್ಲಿ ಬಹುಕಾಲ ನಿಂತಿದೆ, ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟ್ ಹೆಚ್ಚು, ಪಿಎಚ್ ಹೆಚ್ಚು. ಕಲ್ಲಿನ ಅಂಕಿಯನ್ನು ಮಾತ್ರ ನೋಡಿದವರು ಎರಡನೆಯ ಊರು ಸುರಕ್ಷಿತವೆನ್ನುತ್ತಾರೆ. ನೀರನ್ನು ಅಳೆದಾಗ ಎರಡನೆಯ ಊರಿನದೇ ಹೆಚ್ಚು ಬರುವ ಸಾಧ್ಯತೆ ಇದೆ.

ಇದಕ್ಕೆ ಕಾರಣ ಕ್ಯಾಲ್ಸಿಯಂ ಮತ್ತು ಫ್ಲೋರೈಡಿನ ಸಂಬಂಧ. ನೀರಿನಲ್ಲಿ ಕ್ಯಾಲ್ಸಿಯಂ ತುಂಬಿದ್ದರೆ ಅದು ಒಂದು ಮಿತಿಯ ಮೇಲೆ ಫ್ಲೋರೈಡನ್ನು ಕರಗಲು ಬಿಡದೆ ಫ್ಲೋರೈಟ್ ಖನಿಜವಾಗಿ ಕೂರಿಸುತ್ತದೆ. ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ಈ ತಡೆ ಇಲ್ಲ. ಸವಳು ನೀರು, ಬೇಳೆ ಬೇಯದ ನೀರು ಎಂದು ಜನ ದೂರುವ ನೀರಿನಲ್ಲಿ ಕೆಲವೊಮ್ಮೆ ಫ್ಲೋರೈಡ್ ಮಿತಿಯೊಳಗಿದ್ದು, ಬಾಯಿಗೆ ಹಿತವೆನಿಸುವ ಮೃದುವಾದ ನೀರಿನಲ್ಲಿಯೇ ಹೆಚ್ಚಿರಬಹುದು. ಇದನ್ನೂ ನಿಯಮವೆಂದು ಹಿಡಿಯಬಾರದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿಯುವ ನೀರಿನ ಪ್ರಮಾಣದಲ್ಲಿ ರುಚಿಯೂ ಇಲ್ಲ. ನಾಲಿಗೆಯನ್ನು ನಂಬಿ ತೀರ್ಮಾನಿಸುವಂತಿಲ್ಲ.

ಹಾಗಾದರೆ ಕಲ್ಲಿನ ವಿಶ್ಲೇಷಣೆಯ ಉಪಯೋಗವೇನು? ಯಾವ ಭಾಗದಲ್ಲಿ ಕೊರೆದರೆ ಅಪಾಯ ಹೆಚ್ಚು, ಯಾವ ಆಳದಲ್ಲಿ ಕಲ್ಲು ಬದಲಾಗುತ್ತದೆ, ಯಾವ ಕೊಳವೆಬಾವಿಗಳನ್ನು ಮೇಲಿಂದ ಮೇಲೆ ಪರೀಕ್ಷಿಸಬೇಕು ಎಂಬುದನ್ನು ಅದು ತೋರಿಸುತ್ತದೆ. ಒಂದು ಬಾವಿಯ ನೀರಿನ ವರದಿ ಆ ಬಾವಿಗಷ್ಟೇ ಸೀಮಿತ. ಕಲ್ಲಿನ ಮಾಹಿತಿ ಮುಂದೆ ಕೊರೆಯಬೇಕಾದ ಬಾವಿಗೂ ದಾರಿ ತೋರಿಸುತ್ತದೆ.

ಮಿತಿ ಮತ್ತು ಪರಿಣಾಮ

ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿಯೂ 1.5 ಮಿಲಿಗ್ರಾಂ. ಸಭೆಗಳಲ್ಲಿ ‘ಒಂದೂವರೆವರೆಗೆ ನಡೆಯುತ್ತದೆ’ ಎಂಬ ಮಾತು ಕೇಳಿಬರುವುದುಂಟು. ‘ಬೇರೆ ಜಲಮೂಲವಿಲ್ಲದಿದ್ದಲ್ಲಿ’ ಎಂಬ ಷರತ್ತನ್ನು ಬಿಟ್ಟು ಆ ಅಂಕಿಯನ್ನು ಮಾತ್ರ ಹೇಳುವುದು ಸರಿಯಲ್ಲ.

ನೀರಿನ ಫ್ಲೋರೈಡಿನಿಂದ ಎಲುಬಿಗೆ ಬರುವ ರೋಗವನ್ನು ಭಾರತದಲ್ಲಿ 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಲಾಯಿತು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಹೆಚ್ಚು ಫ್ಲೋರೈಡಿನ ನೀರು ಕುಡಿದ ಮಕ್ಕಳ ಶಾಶ್ವತ ಹಲ್ಲುಗಳ ಮೇಲೆ ಬಿಳಿ, ಹಳದಿ, ಕಂದು ಕಲೆಗಳು ಮೂಡುತ್ತವೆ. ಹಲ್ಲಿನ ರಚನೆಯಲ್ಲಿಯೇ ಕೂಡಿದ ಈ ದೋಷ ಉಜ್ಜಿದರೆ ಹೋಗುವುದಿಲ್ಲ. ಬಹಳ ಹೆಚ್ಚು ಪ್ರಮಾಣದ ನೀರನ್ನು ದೀರ್ಘಕಾಲ ಕುಡಿದವರಲ್ಲಿ ಕೀಲುನೋವು, ಬೆನ್ನು ಬಾಗದಿರುವುದು, ಎಲುಬಿನ ವಿಕಾರ ಕಾಣಿಸಿಕೊಳ್ಳುತ್ತವೆ. ಕೇಂದ್ರ ಸರ್ಕಾರ 2008-09ರಲ್ಲಿ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣಕ್ಕಾಗಿ ಪ್ರತ್ಯೇಕ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು. ಆದರೂ ಆಗಿಹೋದ ವಿಕಾರವನ್ನು ಹಿಂದಕ್ಕೆ ತರುವ ಔಷಧವಿಲ್ಲ, ತಡೆಯುವುದೊಂದೇ ದಾರಿ. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ, ಕ್ಲೋರಿನ್ ಹಾಕುವುದರಿಂದಲೂ ಹೋಗುವುದಿಲ್ಲ.

ಸಭೆಯ ಇಕ್ಕಟ್ಟು

ಪಂಚಾಯತಿಯ ನಿಜವಾದ ಕಷ್ಟ ಪ್ರಯೋಗಾಲಯದಲ್ಲಿಲ್ಲ, ಸಭೆಯಲ್ಲಿದೆ. ಎರಡು ಬೋರು ಒಣಗಿ, ಮೂರನೆಯದರಲ್ಲಿ ಮೂರು ಇಂಚು ನೀರು ಬಿದ್ದಿರುತ್ತದೆ. ಓಣಿಯ ಜನ ತೆಂಗಿನಕಾಯಿ ಒಡೆದು ಪೂಜೆ ಮಾಡಿರುತ್ತಾರೆ. ಆಮೇಲೆ ಬಂದ ವರದಿಯಲ್ಲಿ ಫ್ಲೋರೈಡ್ 2.4 ಎಂದಿರುತ್ತದೆ. ಆ ವಾರ್ಡಿನ ಸದಸ್ಯರಿಗೆ ‘ಬಿದ್ದ ನೀರನ್ನೂ ಕಿತ್ತುಕೊಂಡರು’ ಎಂಬ ಮಾತು ಕೇಳಬೇಕಾದ ಭಯ. ವರದಿಯನ್ನು ಕಡತದಲ್ಲಿಟ್ಟು ಮೋಟಾರ್ ಇಳಿಸಿಬಿಡುವ ಒತ್ತಡ ಇಂತಹ ಸಮಯದಲ್ಲಿಯೇ ಬರುತ್ತದೆ.

ಇಂತಹ ಬಾವಿಯನ್ನು ಮುಚ್ಚಬೇಕೆಂದಿಲ್ಲ. ಬಟ್ಟೆ ಒಗೆಯಲು, ಮನೆ ತೊಳೆಯಲು, ಕಟ್ಟಡ ಕೆಲಸಕ್ಕೆ ಆ ನೀರು ಉಪಯೋಗಕ್ಕೆ ಬರುತ್ತದೆ. ಕುಡಿಯಲು ಮತ್ತು ಅಡುಗೆಗೆ ಮಾತ್ರ ಬೇರೆ ನೀರು ಬೇಕು. ದನಗಳಿಗೂ ಫ್ಲೋರೈಡಿನ ಬಾಧೆ ತಟ್ಟುವುದರಿಂದ ಸಾಧ್ಯವಿದ್ದಲ್ಲಿ ಅವುಗಳ ತೊಟ್ಟಿಗೂ ಬೇರೆ ನೀರು ಒಳ್ಳೆಯದು. ಕುಡಿಯುವ ಮತ್ತು ಅಡುಗೆಯ ನೀರು ಒಟ್ಟು ಬಳಕೆಯ ಅಲ್ಪ ಭಾಗವಾದ್ದರಿಂದ ಅಷ್ಟನ್ನು ಹೊಂದಿಸುವುದು ಇಡೀ ಊರಿಗೆ ಹೊಸ ಜಲಮೂಲ ಹುಡುಕುವುದಕ್ಕಿಂತ ಸುಲಭ.

ಹೊಂದಿಸುವ ದಾರಿಗಳು ಹಲವು. ಜಿಲ್ಲೆಯಲ್ಲಿ ಮಲಪ್ರಭಾ ನದಿಯ ನೀರು ಸಿಗುವ ಊರುಗಳಿವೆ. ನವಲಗುಂದ ಭಾಗದಲ್ಲಿ ಕಾಲುವೆಯಿಂದ ಕುಡಿಯುವ ನೀರಿನ ಕೆರೆ ತುಂಬಿಸುವ ಪದ್ಧತಿ ಇದೆ. ಹೊಳೆ ಮತ್ತು ಮಳೆಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಅಂತಹ ನೀರನ್ನು ಬೋರಿನ ನೀರಿನೊಂದಿಗೆ ಬೆರೆಸುವುದೂ ಒಂದು ದಾರಿ. ಬೋರಿನಲ್ಲಿ 2.4, ಇನ್ನೊಂದು ಮೂಲದಲ್ಲಿ 0.4 ಮಿಲಿಗ್ರಾಂ ಇದ್ದರೆ, ಬೋರಿನ ಮೂರು ಪಾಲು ಮತ್ತು ಇನ್ನೊಂದರ ಏಳು ಪಾಲು ಬೆರೆಸಿದಾಗ 1.0 ಬರುತ್ತದೆ. ಸಮಪಾಲು ಬೆರೆಸಿದರೆ 1.4 ಬರುತ್ತದೆ, ಅದು ಸಾಲದು. ಬೆರೆಸಿದ ಮೇಲೆ ಟ್ಯಾಂಕಿನ ನೀರನ್ನು ಮತ್ತೆ ಪರೀಕ್ಷಿಸಬೇಕು.

ಶುದ್ಧೀಕರಣದ ವಿಧಾನಗಳೂ ಇವೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಕ ಮತ್ತು ಸುಣ್ಣ ಬಳಸಿ ಫ್ಲೋರೈಡನ್ನು ಗಸಿಯೊಂದಿಗೆ ಇಳಿಸುತ್ತಾರೆ. ಸಕ್ರಿಯಗೊಳಿಸಿದ ಅಲ್ಯೂಮಿನಾ ತುಂಬಿದ ಶೋಧಕಗಳು ಇವೆ. ಅವುಗಳ ಶಕ್ತಿ ಕುಗ್ಗಿದಾಗ ಪುನಶ್ಚೇತನ ಮಾಡದಿದ್ದರೆ ನಿಷ್ಪ್ರಯೋಜಕ. ಶುದ್ಧ ಕುಡಿಯುವ ನೀರಿನ ಆರ್‌ಒ ಘಟಕಗಳು ಫ್ಲೋರೈಡನ್ನು ತೆಗೆಯುತ್ತವೆ, ಆದರೆ ತೆಗೆದದ್ದು ತ್ಯಾಜ್ಯ ನೀರಿನಲ್ಲಿ ಸಾಂದ್ರವಾಗಿ ಸೇರುತ್ತದೆ. ಆ ತ್ಯಾಜ್ಯ ನೀರನ್ನು ಅದೇ ಬೋರಿನ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ಹೊರತೆಗೆದದ್ದನ್ನು ಹಿಂದಕ್ಕೆ ಹಾಕಿದಂತಾಗುತ್ತದೆ. ಘಟಕದ ಉದ್ಘಾಟನೆಯ ಫಲಕದ ಪಕ್ಕದಲ್ಲಿ ನಿರ್ವಹಣೆಯ ದಿನಾಂಕ ಮತ್ತು ಕೊನೆಯ ಪರೀಕ್ಷೆಯ ಫಲಿತಾಂಶವೂ ಇರುವುದು ಅಗತ್ಯ.

ಪಂಚಾಯತಿ ಇಂದಿನಿಂದಲೇ ಮಾಡಬಹುದಾದದ್ದು

ಕುಡಿಯುವ ನೀರು ಒದಗಿಸುವ ಹೊಣೆಯನ್ನು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯತಿಗೆ ವಹಿಸಿದೆ. ಈ ಹೊಣೆಯಲ್ಲಿ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳು ಇವು.

ಮೊದಲನೆಯದು, ಬೋರು ಕೊರೆಯುವಾಗ ಮೇಲೆ ಬರುವ ಕಲ್ಲಿನ ಪುಡಿಯನ್ನು ಉಳಿಸುವುದು. ನೂರಾರು ಅಡಿ ಆಳದ ಕಲ್ಲಿನ ಮಾದರಿ ಪಂಚಾಯತಿಗೆ ಪುಕ್ಕಟೆಯಾಗಿ ಸಿಗುವುದು ಅದೊಂದೇ ದಿನ. ಮರುದಿನ ಅದು ರಸ್ತೆಯ ಗುಂಡಿಗೆ ಸೇರಿರುತ್ತದೆ. ಪ್ರತಿ ಹತ್ತು ಅಡಿಗೆ ಮತ್ತು ಬಣ್ಣ ಬದಲಾದಾಗಲೆಲ್ಲ ಒಂದೊಂದು ಹಿಡಿ ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾವಿಯ ಗುರುತು, ಆಳ, ದಿನಾಂಕ ಬರೆದು ಇಟ್ಟರೆ ಸಾಕು. ನೀರು ಬಿದ್ದ ಆಳವನ್ನು ತಪ್ಪದೆ ಬರೆಯಬೇಕು. ಮುಂದೆ ಅಂತರ್ಜಲ ನಿರ್ದೇಶನಾಲಯದ ಭೂವಿಜ್ಞಾನಿಗಳಿಗೆ ಅದನ್ನು ತೋರಿಸಬಹುದು, ಅಗತ್ಯಬಿದ್ದರೆ ಮೇಲೆ ವಿವರಿಸಿದ ವಿಶ್ಲೇಷಣೆಗೆ ಕಳುಹಿಸಬಹುದು.

ಎರಡನೆಯದು, ಮೋಟಾರ್ ಇಳಿಸುವ ಮೊದಲು ನೀರಿನ ಪರೀಕ್ಷೆ. ಕೊರೆದ ದಿನದ ರಾಡಿನೀರನ್ನು ತೆಗೆದುಕೊಳ್ಳದೆ, ಸ್ವಲ್ಪ ಹೊತ್ತು ನೀರು ಹೊರಹಾಕಿದ ಮೇಲೆ, ಅದೇ ನೀರಿನಿಂದ ತೊಳೆದ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸಬೇಕು. ವಿದ್ಯುತ್ ಸಂಪರ್ಕ, ಪೈಪ್‌ಲೈನ್, ಟ್ಯಾಂಕ್ ಎಲ್ಲ ಆದ ಮೇಲೆ ವರದಿ ಬಂದರೆ ಹಿಂದೆ ಸರಿಯುವುದು ಯಾರಿಗೂ ಸಾಧ್ಯವಾಗುವುದಿಲ್ಲ.

ಮೂರನೆಯದು, ಕ್ಷೇತ್ರ ಪರೀಕ್ಷಾ ಕಿಟ್‌ನ ಸರಿಯಾದ ಬಳಕೆ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಈ ಕಿಟ್ ಬಳಸುವ ತರಬೇತಿ ನೀಡುವ ವ್ಯವಸ್ಥೆ ಇದೆ. ಕಿಟ್ಟಿನ ದ್ರಾವಣ ಹಾಕಿದಾಗ ಬರುವ ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿ ಪ್ರಮಾಣ ಅಂದಾಜು ಮಾಡಲಾಗುತ್ತದೆ. ಇದು ಅಂದಾಜು ಮಾತ್ರ. ಕಿಟ್ಟಿನಲ್ಲಿ 1.0ರ ಆಸುಪಾಸು ಅಥವಾ ಮೇಲೆ ಕಂಡುಬಂದ ನೀರೆಲ್ಲವೂ ಪ್ರಯೋಗಾಲಯಕ್ಕೆ ಹೋಗಬೇಕು. ಆ ಮಹಿಳೆಯರು ತಂದ ಫಲಿತಾಂಶವನ್ನು ಸಭೆಯಲ್ಲಿ ಓದಿಸಿ ನಡಾವಳಿಗೆ ಸೇರಿಸುವುದು ಅವರ ಶ್ರಮಕ್ಕೆ ಸಲ್ಲಬೇಕಾದ ಗೌರವ.

ನಾಲ್ಕನೆಯದು, ಮಳೆಗಾಲದ ಮೊದಲು ಮತ್ತು ನಂತರ ಮರುಪರೀಕ್ಷೆ. ಅಂತರ್ಜಲದ ಮಟ್ಟ ಏರಿಳಿದಂತೆ ಅದೇ ಬಾವಿಯ ನೀರಿನ ಗುಣ ಬದಲಾಗಬಹುದು. ಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸಿದರೆ ಹಳೆಯ ವರದಿಗೆ ಬೆಲೆಯಿಲ್ಲ.

ಐದನೆಯದು, ವರದಿಯನ್ನು ಸರಿಯಾಗಿ ಓದುವುದು. ಮಾದರಿ ಕಲ್ಲಿನದೋ ನೀರಿನದೋ, ಯಾವ ಬಾವಿಯದು, ಯಾವ ದಿನಾಂಕದ್ದು, ಯಾವ ವಿಧಾನದಿಂದ ಅಳೆದದ್ದು, ಅಳತೆಯ ಮಾನ ಯಾವುದು ಎಂಬ ಐದನ್ನು ನೋಡಬೇಕು. ಕಲ್ಲಿನ ವರದಿಯಲ್ಲಿ ಶೇ. 0.06 ಎಂದಿದ್ದರೂ, 600 ಪಿಪಿಎಂ ಎಂದಿದ್ದರೂ, ಕಿಲೋಗ್ರಾಂಗೆ 600 ಮಿಲಿಗ್ರಾಂ ಎಂದಿದ್ದರೂ ಅರ್ಥ ಒಂದೇ. ಅದೇ ಕಲ್ಲನ್ನು ಕ್ಯಾಲ್ಸಿಯಂ ಫ್ಲೋರೈಡ್ ಲೆಕ್ಕದಲ್ಲಿ ಬರೆದರೆ ಅಂಕಿ ಸುಮಾರು 1,230 ಆಗುತ್ತದೆ. ಕಲ್ಲಿನ 600 ಎಂಬ ಅಂಕಿಯನ್ನು ನೀರಿನ 1.5 ಎಂಬ ಮಿತಿಯ ಪಕ್ಕದಲ್ಲಿಟ್ಟು ‘ನಾನೂರು ಪಟ್ಟು ವಿಷ’ ಎಂದು ಯಾರಾದರೂ ಯಂತ್ರ ಮಾರಲು ಬಂದರೆ, ಎರಡೂ ಬೇರೆ ಬೇರೆ ಅಳತೆಗಳೆಂದು ಸದಸ್ಯರು ಹೇಳಬಲ್ಲವರಾಗಿರಬೇಕು.

ಸಭೆಯ ಅನುಕೂಲಕ್ಕಾಗಿ ಠರಾವಿನ ಒಂದು ಮಾದರಿಯನ್ನು ಇಲ್ಲಿ ಕೊಡಲಾಗಿದೆ:

“ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಇನ್ನು ಮುಂದೆ ಕೊರೆಯುವ ಪ್ರತಿಯೊಂದು ಕುಡಿಯುವ ನೀರಿನ ಕೊಳವೆಬಾವಿಯ ಕಲ್ಲಿನ ಪುಡಿಯ ಮಾದರಿಗಳನ್ನು ಆಳವಾರು ಸಂಗ್ರಹಿಸಿ ವಹಿಯಲ್ಲಿ ದಾಖಲಿಸುವುದು, ಫ್ಲೋರೈಡ್ ಸೇರಿದಂತೆ ನೀರಿನ ಪ್ರಯೋಗಾಲಯ ವರದಿ ಬಂದು ಸಭೆಯಲ್ಲಿ ಮಂಡನೆಯಾಗುವವರೆಗೆ ಕುಡಿಯುವ ನೀರಿನ ಸಂಪರ್ಕ ನೀಡದಿರುವುದು, ಮಿತಿ ಮೀರಿದ ಮೂಲಗಳಿಗೆ ಕೆಂಪು ಬಣ್ಣ ಬಳಿದು ‘ಕುಡಿಯಲು ಅಲ್ಲ’ ಎಂದು ಬರೆಸುವುದು, ಎಲ್ಲ ಮೂಲಗಳ ಇತ್ತೀಚಿನ ಫಲಿತಾಂಶಗಳನ್ನು ಪ್ರತಿ ಗ್ರಾಮಸಭೆಯಲ್ಲಿ ಓದಿ ಹೇಳುವುದು ಎಂದು ಸಭೆಯು ಠರಾಯಿಸಿತು.”

ಈ ಠರಾವಿಗೆ ದೊಡ್ಡ ಅನುದಾನ ಬೇಕಿಲ್ಲ. ಕೆಲವು ಪ್ಲಾಸ್ಟಿಕ್ ಚೀಲ, ಒಂದು ವಹಿ, ಒಂದು ಬಾಟಲಿ, ವರದಿ ಬರುವವರೆಗೆ ಕಾಯುವ ತಾಳ್ಮೆ ಮತ್ತು ಬಂದ ವರದಿಯನ್ನು ಜನರ ಮುಂದೆ ಓದುವ ಧೈರ್ಯ ಇದ್ದರೆ ಸಾಕು. ಇಂದು ಅಂಗನವಾಡಿಯಲ್ಲಿ ಲೋಟ ಹಿಡಿದು ನಿಂತಿರುವ ಮಗುವಿಗೆ ತಾನು ಕುಡಿಯುವ ನೀರಿನ ಅಂಕಿ ಗೊತ್ತಿಲ್ಲ. ಆ ಅಂಕಿಯನ್ನು ತಿಳಿದುಕೊಂಡಿರುವುದು ಪಂಚಾಯತಿಯ ಕರ್ತವ್ಯ.